ನೈಟ್ ಡ್ಯೂಟಿ ಮುಗಿದ ಮೇಲೆ ನಮ್ಮನ್ನು ಮನೆಗೆ ಕಳಿಸಿ, ಸಚಿವರೇ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರ.

ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್. ಒಂಬತ್ತು ವರ್ಷ ಆಯ್ತು. ನಾನು ಟ್ರಾನ್ಸ್‌ಫರ್ ಕೇಳುತ್ತಿಲ್ಲ, ಸಂಬಳದ ಮಾತೂ ಇಲ್ಲ. ಇದೇ ಊರಲ್ಲಿ ಇರಬೇಕು ಅಂತಲೇ ಬರೆಯುತ್ತಿದ್ದೇನೆ. ರಾತ್ರಿ ಪೂರ್ತಿ ಡ್ಯೂಟಿ ಮಾಡಿದವರಿಗೆ ಮರುದಿನ ರಜೆ ಕೊಡಿ. ಇಷ್ಟೇ.

ಈಗ ಬೆಳಿಗ್ಗೆ ಒಂಬತ್ತಕ್ಕೆ ಹೊರರೋಗಿಗಳನ್ನು ನೋಡುವ ಓಪಿಡಿಗೆ ಕೂತರೆ ಸಂಜೆ ಹಾಗೇ ನೈಟ್ ಡ್ಯೂಟಿ ಶುರು, ಹೆರಿಗೆ, ಹಾವು ಕಡಿತ, ಬೈಕ್ ಆಕ್ಸಿಡೆಂಟ್, ಪೊಲೀಸ್ ಕೇಸಿಗೆ ಬರೆದುಕೊಡುವ ಎಂಎಲ್‌ಸಿ ಕಾಗದ, ಯಾರನ್ನಾದರೂ ಕಲಬುರಗಿಗೆ ಕಳಿಸಬೇಕಾದರೆ ಆಂಬುಲೆನ್ಸ್ ಬರುವ ತನಕ ಪೇಷೆಂಟ್ ಪಕ್ಕದಲ್ಲೇ ನಿಂತಿರಬೇಕು. ಬೆಳಗಾದರೆ ಮತ್ತೆ ಓಪಿಡಿ. ಬದಲಿ ಡಾಕ್ಟರ್ ಇಲ್ಲ. ಮೂವತ್ತು ಗಂಟೆ ದಾಟುತ್ತದೆ.

ಅಂಥದ್ದೇ ಒಂದು ಬೆಳಿಗ್ಗೆ ಒಂದು ಕೂಸಿಗೆ ಸಿರಪ್ ಬರೆದೆ. ಸ್ವಲ್ಪ ಹೊತ್ತಿಗೆ ಔಷಧಿ ಕೊಡುವವರು ಚೀಟಿ ಹಿಡಿದು ವಾಪಸ್ ಬಂದರು. 'ಮೇಡಂ, ಇದೊಂದ್ ಸಲ ನೋಡ್ರಿ.' 2.5 ಎಂಎಲ್ ಅಂತ ಬರೆಯುವ ಕಡೆ ಚುಕ್ಕೆ ಬಿಟ್ಟು 25 ಅಂತ ಬರೆದಿದ್ದೆ. ಕೂಸಿನ ತಾಯಿ ಬೆಂಚಿನ ಮೇಲೆ ಕೂತು ನನ್ನನ್ನೇ ನಂಬಿ ನೋಡುತ್ತಿದ್ದಳು. ನನ್ನ ಕೈ ನಡುಗಿತು. ಈಗಲೂ ಚೀಟಿ ಬರೆದು ಎರಡು ಸಲ ಓದುತ್ತೇನೆ.

ಈ ದಣಿವಿಗೆ ಬರ್ನ್‌ಔಟ್ ಅಂತ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕೆಲಸದ ಜಾಗದಲ್ಲಿ ಹುಟ್ಟುವ ಸಮಸ್ಯೆ ಅಂತ ಗುರುತಿಸಿತು. ಹಾಗಾಗಿ ಇದಕ್ಕೆ ಬರೀ ಯೋಗ ಶಿಬಿರ ಸಾಲದು, ಡ್ಯೂಟಿ ಪಟ್ಟಿಯೇ ಬದಲಾಗಬೇಕು. ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಾ ಕೆಲಸ ಮಾಡುವ ರೆಸಿಡೆಂಟ್ ಡಾಕ್ಟರ್‌ಗಳಿಗೆ ಸಾಮಾನ್ಯವಾಗಿ ಒಂದೇ ಸಮ 12 ಗಂಟೆಗಿಂತ ಜಾಸ್ತಿ ಕೆಲಸ ಬೇಡ ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ನಾವೂ ಅದೇ ಮನುಷ್ಯರು ಅಲ್ವಾ?

ಕೆಲಸ ನನಗೆ ಬೇಸರ ಇಲ್ಲ. ನಿದ್ದೆ ಮಾಡಿ ಬಂದ ದಿನ, ಹುಟ್ಟಿದ ಕೂಸು ಮೊದಲ ಸಲ ಅತ್ತರೆ ಇಷ್ಟು ವರ್ಷದ ಮೇಲೂ ಕಣ್ಣು ತುಂಬುತ್ತದೆ, ಅಜ್ಜಿ ಒಬ್ಬಳು ಗಲ್ಲ ಮುಟ್ಟಿ 'ಚಲೋ ಇರವಾ' ಅಂದರೆ ವಾರಗಟ್ಟಲೆ ಸಾಕು. ನಿದ್ದೆಗೆಟ್ಟ ದಿನ ಅದೇ ಅಳು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ನನಗೆ ಹೆದರಿಕೆ ಆಗುವುದು ಅದಕ್ಕೇ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂತು, ಯಾದಗಿರಿಗೆ ಮೆಡಿಕಲ್ ಕಾಲೇಜೂ ಬಂತು. ಆದರೆ ಕಡ್ಡಾಯ ಸೇವೆಗೆ ಬಂದ ಹುಡುಗರು ಅವಧಿ ಮುಗಿದ ದಿನವೇ ಬ್ಯಾಗ್ ಕಟ್ಟುವುದನ್ನು ನೋಡಿದ್ದೇನೆ. ಬಿಸಿಲಿಗೆ ಹೆದರಿ ಅಲ್ಲ, ಅವರೇ ಹೇಳಿದ್ದು, ಈ ರಾತ್ರಿಗಳಿಗೆ.

ಹೋದ ಎಳ್ಳ ಅಮಾವಾಸ್ಯೆಗೆ, ನೈಟ್ ಮುಗಿಸಿ ನೇರ ಹೊಲಕ್ಕೆ ಬರುತ್ತೇನೆ ಅಂತ ಮಗಳಿಗೆ ಮಾತು ಕೊಟ್ಟಿದ್ದೆ. ಅವಳಿಗೆ ಏಳು ವರ್ಷ. ಓಪಿಡಿ ಮುಗಿಯುವಷ್ಟರಲ್ಲಿ ಮನೆಯವರು ಹೊಲದಲ್ಲಿ ಎಡೆ ಚೆಲ್ಲುವ ಚರಗ ಮುಗಿಸಿ, ಉಂಡು ಮನೆಗೂ ಬಂದಿದ್ದರು. ಅವಳು ಡಬ್ಬಿಯಲ್ಲಿ ಭಜ್ಜಿ, ಸಜ್ಜೆ ರೊಟ್ಟಿ ಎತ್ತಿಟ್ಟಿದ್ದಳು. ಎರಡು ತುತ್ತಿಗೆ ತಟ್ಟೆ ಮುಂದೆಯೇ ನಿದ್ದೆ ಹೋದೆನಂತೆ.

ಸಚಿವರೇ, ನಿಮ್ಮ ಇಲಾಖೆಯ ಹೆಸರಲ್ಲೇ ಕುಟುಂಬ ಕಲ್ಯಾಣ ಇದೆ. ಜುಲೈ 1ರ ವೈದ್ಯರ ದಿನಕ್ಕೆ ಶಾಲು, ಹಾರ ಬೇಡ. ಆ ಹೊತ್ತಿಗೆ ಒಂದು ಆದೇಶ ಹೊರಡಿಸಿ, ಓಪಿಡಿಗೆ ಬದಲಿ ಡಾಕ್ಟರ್ ಕೊಡಿ. ಬೇಕಾದರೆ ಮೊದಲು ನಮ್ಮ ಜಿಲ್ಲೆಯಲ್ಲೇ ಆರು ತಿಂಗಳು ಮಾಡಿ ನೋಡಿ. ಮುಂದಿನ ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ ನನಗೇ ಡ್ಯೂಟಿ ಹಾಕಲಿ, ಮಾಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಬಿಟ್ಟರೆ ಸಾಕು, ಹೊಲ ಅರ್ಧ ಗಂಟೆ ದಾರಿ.

ಇಂತಿ,
ಯಾದಗಿರಿ ಜಿಲ್ಲೆಯ ಒಬ್ಬ ಸರ್ಕಾರಿ ಡಾಕ್ಟರ್