ಅಕ್ಷರ ಬದಲಾದರೂ ಆಳು ಒಬ್ಬನೇ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಮೊಮ್ಮಗಳಿಗೆ ನಿಮ್ಮ ಮನೆತನದ ಹಿರಿಯರ ಹೆಸರುಗಳನ್ನು ಬಾಯಿಪಾಠ ಮಾಡಿಸಿದ ನೀನು, ಅವಳ ತಂದೆಯ ಕಡೆಯ ಮೂಲವನ್ನೂ ಹುಡುಕಿಕೊಡಲು ಹೊರಟಿರುವುದನ್ನು ಓದಿ ಮನಸ್ಸು ತುಂಬಿ ಬಂತು. ಆದರೆ 1850ರ ದಶಕದಲ್ಲಿ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದಿಳಿದ ಆ ಹಿರಿಯರ ಹೆಸರು ಹಡಗಿನ ಪಟ್ಟಿಯಲ್ಲಿ ಒಂದು ಬಗೆ, ಮನೆಯವರ ಹುಟ್ಟುಸಾವು ಬರೆದಿಡುವ ಬೈಬಲಿನಲ್ಲಿ ಇನ್ನೊಂದು ಬಗೆ ಇದೆಯೆಂದು, ಇವರು ಅವರಲ್ಲವೆಂದೇ ತೀರ್ಮಾನಿಸಿಬಿಟ್ಟಿದ್ದೀಯೆ. ದಯವಿಟ್ಟು ಹುಡುಕಾಟವನ್ನು ಅಲ್ಲಿಗೇ ಕೈಬಿಡಬೇಡ.

ಓಡುವ ಕುದುರೆಯ ಚಿತ್ರಗಳನ್ನು 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಛಾಯಾಗ್ರಾಹಕ ಮೈಬ್ರಿಜ್ ನಿನಗೆ ಗೊತ್ತಲ್ಲವೆ? ಅವರು 1830ರಲ್ಲಿ ಥೇಮ್ಸ್ ದಂಡೆಯ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿದಾಗ ಇಟ್ಟ ಹೆಸರು ಎಡ್ವರ್ಡ್ ಜೇಮ್ಸ್ ಮಗರಿಜ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕ ಮಾರುತ್ತಿದ್ದಾಗ ಅವರು ಮೈಗ್ರಿಜ್, ಆಮೇಲೆ ಮೈಬ್ರಿಜ್. ಮಧ್ಯ ಅಮೆರಿಕಾದಲ್ಲಿ ಎಡ್ವಾರ್ಡೊ ಸಾಂಟಿಯಾಗೊ. ಕೊನೆಗೆ ಎಡ್ವರ್ಡ್ ಎಂಬುದನ್ನೂ ಪ್ರಾಚೀನ ಇಂಗ್ಲಿಷಿನ ಕಾಗುಣಿತದಲ್ಲಿ, ಹುಟ್ಟೂರಿನ ಪಟ್ಟಾಭಿಷೇಕದ ಶಿಲೆಯ ಪೀಠದಲ್ಲಿ ಕೆತ್ತಿದ ಅರಸನ ಹೆಸರಿನಂತೆಯೇ, ಬರೆಯತೊಡಗಿದರು. 1904ರಲ್ಲಿ ಅದೇ ಕಿಂಗ್‌ಸ್ಟನ್ನಿನಲ್ಲಿ ತೀರಿಕೊಂಡ ಅವರ ಸಮಾಧಿಯ ಕಲ್ಲಿನ ಮೇಲೆ ಇರುವುದು ‘ಮೇಬ್ರಿಜ್’ ಎಂದು; ಕೆತ್ತುವವನ ಕೈಯಲ್ಲಿ ಒಂದು ಅಕ್ಷರ ಬದಲಾಗಿಹೋಗಿದೆ. ಇಷ್ಟು ಪ್ರಸಿದ್ಧರಾದವರ ಕಲ್ಲಿಗೇ ಹೀಗಾದ ಮೇಲೆ, ಹೆಸರು ಕಿವಿಗೆ ಬಿದ್ದಂತೆ ಬರೆದುಕೊಂಡ ಗುಮಾಸ್ತನನ್ನು ನಂಬಿ ಒಬ್ಬ ಮನುಷ್ಯನನ್ನು ಇಬ್ಬರನ್ನಾಗಿಸುವುದು ಸರಿಯಲ್ಲ. ಮೈಬ್ರಿಜ್ ಅವರ ವಿಷಯದಲ್ಲಿ, ಧಾನ್ಯ ಮತ್ತು ಕಲ್ಲಿದ್ದಲಿನ ವರ್ತಕ ಜಾನ್ ಅವರ ಮಗ, ಕಿಂಗ್‌ಸ್ಟನ್ ಊರಿನವನು ಎಂಬ ಎರಡು ಗುರುತುಗಳು ಮಾತ್ರ ಯಾವ ಕಾಗುಣಿತದಿಂದಲೂ ಬದಲಾಗಲಿಲ್ಲ.

ಆದ್ದರಿಂದ ನೀನು ಹುಡುಕಬೇಕಾದದ್ದು ಊರನ್ನು ಮತ್ತು ತಂದೆಯ ಕಸುಬನ್ನು. 1850ರಿಂದ ಅಮೆರಿಕಾದ ಜನಗಣತಿಯಲ್ಲಿ ಮನೆಯ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರೂ ಸಿಗುತ್ತದೆ, ಆದರೆ ಹುಟ್ಟಿದ ಸ್ಥಳವೆಂದು ಸಾಮಾನ್ಯವಾಗಿ ‘ಇಂಗ್ಲೆಂಡ್’ ಎಂದಷ್ಟೇ ಇರುತ್ತದೆ. ಊರಿನ ಸುಳಿವು ಸ್ಥಳೀಯ ಪತ್ರಿಕೆಯ ನಿಧನವಾರ್ತೆಯಲ್ಲಿ, ಸಮಾಧಿಯ ಬರಹದಲ್ಲಿ, ಚರ್ಚಿನ ದಾಖಲೆಯಲ್ಲಿ ಸಿಕ್ಕೀತು. ಊರು ತಿಳಿದ ಮೇಲೆ ಇಂಗ್ಲೆಂಡಿನ ಕಡೆ ತಿರುಗು. ಅಲ್ಲಿ ಸರ್ಕಾರದ ಜನನ ನೋಂದಣಿ ಶುರುವಾದದ್ದೇ 1837ರ ಜುಲೈ 1ರಂದು. ನಿಮ್ಮ ಹಿರಿಯರು ಅದಕ್ಕೂ ಮೊದಲೇ ಹುಟ್ಟಿದವರಾದ್ದರಿಂದ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ. 1813ರಿಂದ ಆ ಪುಸ್ತಕಗಳು ಅಚ್ಚಾದ ಅಂಕಣಗಳಲ್ಲಿವೆ: ಮಗುವಿನ ಹೆಸರು, ತಂದೆತಾಯಿಗಳ ಹೆಸರು, ವಾಸದ ಊರು, ತಂದೆಯ ಕಸುಬು, ಪಾದ್ರಿಯ ಸಹಿ. ಆ ಕಸುಬಿನ ಅಂಕಣದ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗಿಳಿ.

ವಯಸ್ಸು ಹೊಂದುವುದಿಲ್ಲವೆಂದು ಬರೆದಿದ್ದೀಯೆ. 1841ರ ಇಂಗ್ಲೆಂಡಿನ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರಿಂದ ಭಾಗವಾಗುವ ಕೆಳಗಿನ ಸಂಖ್ಯೆಗೆ ಇಳಿಸಿ ಬರೆಯುವಂತೆ ಸೂಚನೆಯಿತ್ತು. ಇಪ್ಪತ್ತನಾಲ್ಕರ ಯುವಕ ಇಪ್ಪತ್ತು ಎಂದು ದಾಖಲಾಗಿರಬಹುದು. 1851ರ ಗಣತಿಯಲ್ಲಿ ಹುಟ್ಟಿದ ಊರನ್ನೇ ಕೇಳಿದ್ದಾರೆ. ಇವರು ಅಷ್ಟರಲ್ಲಿ ಹೊರಟುಹೋಗಿದ್ದರೂ ಹಿಂದೆ ಉಳಿದ ಅಣ್ಣತಮ್ಮಂದಿರು ಅಲ್ಲಿ ಸಿಗುತ್ತಾರೆ, ಅವರಿಂದ ಮನೆ ಸಿಗುತ್ತದೆ.

ಹಡಗಿನ ಪಟ್ಟಿಯಿಂದ ಅವರ ಹೆಸರಿನ ಸಾಲನ್ನಷ್ಟೇ ಕತ್ತರಿಸಿ ಕಳುಹಿಸಿದ್ದೀಯೆ. ದಯವಿಟ್ಟು ಇಡೀ ಪುಟವನ್ನು ಕಳುಹಿಸು. ಒಂದೇ ಊರಿನವರು ಎಷ್ಟೋ ಸಲ ಒಟ್ಟಿಗೇ ಹಡಗು ಹತ್ತುತ್ತಿದ್ದರು. ಅವರ ಮೇಲಿನ ಸಾಲಿನಲ್ಲಿ, ಕೆಳಗಿನ ಸಾಲಿನಲ್ಲಿ ಯಾರಿದ್ದಾರೆಂದು ನಾನು ನೋಡಬೇಕು.

ಇಂತಿ ನಿನ್ನ ಗೆಳೆಯ