ಮೂರೂವರೆ ಸೆಂಟಿಮೀಟರಿಗೇ ಹಸಿರು ದೀಪ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ವಿಷಯ: ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸುವ ವಿಧಾನ) ತರಬೇತಿ ಗೊಂಬೆಯ ತಪ್ಪು ಅಳತೆ, ಪರೀಕ್ಷಿಸದೆಯೇ ದೂರು ಮುಚ್ಚಿರುವುದು

ಮಾನ್ಯರೇ,

ನಿಮ್ಮ ಗೊಂಬೆ ಹುಬ್ಬಳ್ಳಿಯ ನಮ್ಮ ನರ್ಸಿಂಗ್ ಕಾಲೇಜಿನ ಸ್ಕಿಲ್ ಲ್ಯಾಬಿಗೆ ಬಂದು ಎಂಟು ತಿಂಗಳಾಯಿತು. ಎದೆ ಸಾಕಷ್ಟು ಆಳಕ್ಕೆ ಇಳಿದರೆ ಟ್ಯಾಬಿನಲ್ಲಿ ಹಸಿರು, ಇಳಿಯದಿದ್ದರೆ ಹಳದಿ. ವಯಸ್ಕರಿಗೆ ಕನಿಷ್ಠ 5 ಸೆಂ.ಮೀ., 6 ದಾಟಬಾರದು. ನಿಮಿಷಕ್ಕೆ 100ರಿಂದ 120 ಸಲ. ಇದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಕಳೆದ ತಿಂಗಳು ಕರೆಂಟ್ ಹೋಗಿ ಟ್ಯಾಬ್ ಆರಿತು. ಕಪಾಟಿನಿಂದ ಹಳೆಯ ಗೊಂಬೆ ತೆಗೆಸಿದೆ. ಅದಕ್ಕೆ ಪರದೆಯಿಲ್ಲ, ಸರಿಯಾಗಿ ಒತ್ತಿದರೆ ಒಳಗೆ ‘ಟಕ್’ ಅನ್ನುತ್ತದೆ, ಅಷ್ಟೇ. ನಿಮ್ಮದರಲ್ಲಿ ನೂರಕ್ಕೆ ತೊಂಬತ್ತೈದು ಪಡೆದ ಹುಡುಗಿ ಒತ್ತಿದಳು. ಸದ್ದಿಲ್ಲ. ಹನ್ನೊಂದು ಮಂದಿ ಒತ್ತಿದರು, ಇಬ್ಬರ ಕೈಗೆ ಮಾತ್ರ ಟಕ್ ಅಂದಿತು. ಹಳೆಯದೇ ಕೆಟ್ಟಿರಬಹುದೆಂದು ಪಕ್ಕಕ್ಕೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಎರಡನ್ನೂ ಅಳೆದೆವು. ಹಳೆಯದು ಐದಕ್ಕೆ ಸದ್ದು ಮಾಡಿತು. ನಿಮ್ಮದು ಮೂರೂವರೆಗೇ ಹಸಿರಾಯಿತು.

ದೂರು ಕೊಟ್ಟೆ. ನಾಲ್ಕನೇ ದಿನ ‘ಬಳಸುವವರ ತಪ್ಪು’ ಎಂದು ಮೆಸೇಜು ಬಂತು, ದೂರು ಮುಚ್ಚಿತು. ಬೆಂಗಳೂರಿನಿಂದ ಯಾರೂ ಬರಲಿಲ್ಲ. ಆಪ್ ಅಪ್‌ಡೇಟ್ ಮಾಡಿ ಅಂದಿರಿ, ಮಾಡಿದೆವು. ಈಗ ಇಂಟರ್ನೆಟ್ ಇಲ್ಲದೆ ಅದು ತೆರೆಯುವುದೂ ಇಲ್ಲ. ಅಳತೆ ಮಾತ್ರ ಮೊದಲಿನದೇ.

ಹುಡುಗರು ಎದೆ ನೋಡುವುದನ್ನೇ ಬಿಟ್ಟಿದ್ದಾರೆ. ಕೈ ಗೊಂಬೆಯ ಮೇಲೆ, ಕತ್ತು ಟ್ಯಾಬಿನ ಕಡೆ. ಪ್ರತಿ ಸಲ ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಬೇಕು, ಆಗಲೇ ಹೃದಯಕ್ಕೆ ರಕ್ತ ತುಂಬುವುದು. ಎದೆ ಮೇಲೇಳಲು ಬಿಡದೆ ಮೈಭಾರ ಹಾಕಿಕೊಂಡೇ ಒತ್ತಿದರೂ ನಿಮ್ಮ ಪರದೆಗೆ ತಕರಾರಿಲ್ಲ. “ಇನ್ನೂ ಒತ್ತವಾ” ಅಂದರೆ, “ಹಸರ ಬಂದೈತಲ್ರೀ ಮೇಡಂ” ಅನ್ನುತ್ತಾರೆ. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದವಳ ಮಾತಿಗಿಂತ ಆ ಬಣ್ಣಕ್ಕೆ ಬೆಲೆ. ಅವರನ್ನು ಬೈಯಲಾರೆ, ಮೊದಲ ದಿನ “ಹಸಿರು ನೋಡ್ರಿ” ಎಂದು ಹೇಳಿಕೊಟ್ಟವಳು ನಾನೇ. ಆ ಹನ್ನೊಂದು ಮಂದಿಗೆ ಮುಂದಿನ ತಿಂಗಳು ಕ್ಯಾಜುವಲ್ಟಿ ಪೋಸ್ಟಿಂಗ್ ಇದೆ. ಎಲ್ಲರಿಗೂ ಮೊದಲಿನಿಂದ ಕಲಿಸುತ್ತಿದ್ದೇನೆ.

ಹದಿನೈದು ದಿನದೊಳಗೆ ನಿಮ್ಮ ಎಂಜಿನಿಯರ್ ಬಂದು, ನಮ್ಮೆದುರೇ ಸ್ಕೇಲ್ ಹಿಡಿದು ಅಳತೆ ಸರಿಪಡಿಸಬೇಕು. ಆಗದಿದ್ದರೆ ಬೇರೆ ಗೊಂಬೆ ಕೊಡಿ, ಇಲ್ಲವೇ ಹಣ ಮರಳಿಸಿ. ಅಂಕ ಕಲಿಸುವವರಿಗಷ್ಟೇ ಕಾಣುವಂತೆ, ಒತ್ತುವವರ ಪರದೆ ಆರಿಸಿಡುವ ಅನುಕೂಲವನ್ನೂ ಕೊಡಿ. ‘ಬಳಸುವವರ ತಪ್ಪು’ ಎಂಬ ಆ ಉತ್ತರವನ್ನು ಬರಹದಲ್ಲೇ ಹಿಂಪಡೆಯಿರಿ. ಇಲ್ಲವಾದರೆ ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಸ್ಕೇಲಿನೊಂದಿಗೆ ತೆಗೆದ ವಿಡಿಯೊ ಲಗತ್ತಿಸಿದ್ದೇನೆ.

ಅಲ್ಲಿಯತನಕ ನಿಮ್ಮ ಗೊಂಬೆ ಕಪಾಟಿನಲ್ಲಿರುತ್ತದೆ.

ಇಂತಿ,
ಸ್ಕಿಲ್ ಲ್ಯಾಬ್ ಉಸ್ತುವಾರಿ ಉಪನ್ಯಾಸಕಿ
ಹುಬ್ಬಳ್ಳಿ