ಡಚ್ ಕಲಿಯಲು ಸಿನಿಮಾ: ಮೊದಲು ಇಂಗ್ಲಿಷ್ ಸಬ್‌ಟೈಟಲ್ ತೆಗೆಯಿರಿ

ಮಾನ್ಯರೇ,

ಸಿನಿಮಾ, ಧಾರಾವಾಹಿ ನೋಡುತ್ತಲೇ ಡಚ್ ಕಲಿಯಬಹುದು ಎಂಬ ಮಾತು ನೆದರ್‌ಲ್ಯಾಂಡ್ಸ್‌ಗೆ ಹೊರಡುವ ನಮ್ಮ ಕಡೆಯವರ ಬಾಯಲ್ಲಿ ಈಗ ಜೋರಾಗಿದೆ. ರಾಯಚೂರಿನಲ್ಲಿ ಕೃಷಿ ಪದವಿ ಮುಗಿಸಿ ವಾಗೆನಿಂಗೆನ್ ವಿಶ್ವವಿದ್ಯಾಲಯದ ಕಡೆ ಕಣ್ಣಿಟ್ಟವರಿಗೆ, ತೋರಣಗಲ್ಲಿನಲ್ಲಿ ಉಕ್ಕಿನ ಕೆಲಸ ಕಲಿತವರಿಗೆ, ಮದುವೆಯಾಗಿ ಗಂಡನಿರುವಲ್ಲಿಗೆ ಹೋಗುವವರಿಗೆ ಎಲ್ಲರೂ ಕೊಡುವ ಸಲಹೆ ಇದೇ. ಮಾತು ಸುಳ್ಳಲ್ಲ, ಅರ್ಧ ಮಾತ್ರ ನಿಜ. ಕೆಳಗೆ ಇಂಗ್ಲಿಷ್ ಸಾಲು ಓಡುತ್ತಿದ್ದರೆ ಕಣ್ಣು ಅದರ ಬೆನ್ನು ಹತ್ತುತ್ತದೆ, ಕಿವಿ ಸುಮ್ಮನೆ ಕೂರುತ್ತದೆ. ಹತ್ತು ಕಂತು ಮುಗಿದ ಮೇಲೆ ಕಥೆ ಬಾಯಿಪಾಠ, ಭಾಷೆ ಮಾತ್ರ ಇದ್ದಲ್ಲೇ.

ಹುಡುಕುವಾಗಲೇ ಒಂದು ಎಡವಟ್ಟು ಆಗುವುದುಂಟು. ‘ಡಾಯ್ಚ್’ ಎಂದರೆ ಜರ್ಮನ್. ಆ ಹೆಸರನ್ನು ಡಚ್ ಎಂದು ಓದಿಕೊಂಡವರು ವಾರಗಟ್ಟಲೆ ಬೇರೆ ಭಾಷೆಯ ಪಾಠ ಕೇಳುತ್ತಾರೆ. ಡಚ್ಚರು ತಮ್ಮ ಭಾಷೆಯನ್ನು ‘ನೇಡರ್ಲಂಟ್ಸ್’ ಎನ್ನುತ್ತಾರೆ, ಹುಡುಕಬೇಕಾದ್ದು ಅದನ್ನು.

ಮೊದಲ ದಿನವೇ ಸಿನಿಮಾಕ್ಕೆ ಕೈ ಹಾಕಬಾರದು. ಆರೆಂಟು ವಾರ ಯಾವುದಾದರೂ ಆರಂಭಿಕ ಪುಸ್ತಕ ಹಿಡಿದು ಐನೂರು ಪದ, ಕ್ರಿಯಾಪದದ ರೂಪ, ‘ದ’ ಮತ್ತು ‘ಹೆತ್’ ಎಂಬ ಎರಡು ಆರ್ಟಿಕಲ್ ಇಷ್ಟಾದರೂ ಆಗಿರಬೇಕು. ಆಮೇಲೆ ಮಕ್ಕಳ ವಾರ್ತೆಯಿಂದ ಶುರು ಮಾಡುವುದು ಲೇಸು. ಅಲ್ಲಿನ ಸಾರ್ವಜನಿಕ ಸುದ್ದಿ ಸಂಸ್ಥೆ ಎನ್‌ಒಎಸ್ 1981ರಿಂದ ನಡೆಸುತ್ತಿರುವ ‘ಯೋಖ್ತ್‌ಜುರ್ನಾಲ್’ನಲ್ಲಿ ವಾಕ್ಯಗಳು ಚಿಕ್ಕವು, ಉಚ್ಚಾರ ಸ್ಪಷ್ಟ, ಹೇಳುತ್ತಿರುವ ವಿಷಯ ಚಿತ್ರದಲ್ಲೂ ಕಾಣುತ್ತದೆ. ಅದು ಹಗುರವೆನಿಸಿದಾಗ ಯೂಟ್ಯೂಬ್‌ನ ‘ಈಸಿ ಡಚ್’ ನೋಡಬಹುದು. ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮಾತಾಡಿಸಿದ ದೃಶ್ಯಗಳವು. ಅಪರಾಧ ಧಾರಾವಾಹಿಗಳು ಕೊನೆಗಿರಲಿ. ಅಲ್ಲಿ ಅರ್ಧ ಮಾತು ಪಿಸುಗುಟ್ಟುವುದು, ಉಳಿದರ್ಧ ಬೈಗುಳ. ಡಚ್ಚರು ಬೈಯುವುದೇ ರೋಗದ ಹೆಸರಿನಲ್ಲಿ: ಕ್ಯಾನ್ಸರ್, ಕ್ಷಯ, ಟೈಫಾಯ್ಡ್. ‘ನಿನಗೆ ಪ್ಲೇಗ್ ಬಡಿಯ’ ಎನ್ನುವ ನಮ್ಮ ಕಡೆಯವರಿಗೆ ಇದು ತೀರಾ ಹೊಸದಲ್ಲ. ಆದರೆ ಕೇಳಿದ್ದನ್ನು ಹಾಗೇ ಕಚೇರಿಯಲ್ಲಿ ಒಪ್ಪಿಸಿದರೆ ಕಷ್ಟ.

ಗೊತ್ತಿರುವ ಹಾಲಿವುಡ್ ಚಿತ್ರವನ್ನೇ ಡಚ್ ಧ್ವನಿಯಲ್ಲಿ ನೋಡೋಣ ಎಂದರೆ ಮಕ್ಕಳ ಚಿತ್ರಗಳು ಬಿಟ್ಟು ಬೇರೆ ಸಿಗುವುದು ಕಷ್ಟ. ದೊಡ್ಡವರ ಚಿತ್ರಗಳನ್ನು ಅಲ್ಲಿ ಡಬ್ ಮಾಡುವುದಿಲ್ಲ, ಸಬ್‌ಟೈಟಲ್ ಹಾಕಿಯೇ ತೋರಿಸುತ್ತಾರೆ. ಡಬ್ ಆದ ಕಾರ್ಟೂನಿನಲ್ಲಿ ಇನ್ನೊಂದು ತೊಡಕು: ಕೇಳುವುದೊಂದು, ಕೆಳಗೆ ಕಾಣುವುದಿನ್ನೊಂದು. ಡಬ್ಬಿಂಗ್ ಸಂಭಾಷಣೆ ತುಟಿಯ ಚಲನೆಗೆ ಹೊಂದಬೇಕು, ಸಬ್‌ಟೈಟಲ್ ಎರಡು ಸಾಲಿನಲ್ಲಿ ಮುಗಿಯಬೇಕು. ಎರಡನ್ನೂ ಬೇರೆ ಬೇರೆಯಾಗಿ ಅನುವಾದಿಸಿರುತ್ತಾರೆ. ಕಲಿಯುವವರು ತಮ್ಮ ಕಿವಿಯೇ ಸರಿಯಿಲ್ಲ ಎಂದುಕೊಂಡು ಕೈಬಿಡುತ್ತಾರೆ. ಆದ್ದರಿಂದ ಡಚ್ಚಿನಲ್ಲೇ ತಯಾರಾದದ್ದನ್ನು, ಕಿವಿ ಕೇಳದವರಿಗಾಗಿ ಹಾಕುವ ಡಚ್ ಸಬ್‌ಟೈಟಲ್ ಜೊತೆ ನೋಡಬೇಕು. ಅಲ್ಲಿನ ಸಾರ್ವಜನಿಕ ವಾಹಿನಿಗಳ ಜಾಲತಾಣದ ಬಹುಪಾಲು ಕಾರ್ಯಕ್ರಮ ಇಲ್ಲಿ ತೆರೆಯುವುದಿಲ್ಲ, ಹಾಗಾಗಿ ನಮಗೆ ಯೂಟ್ಯೂಬ್ ಮತ್ತು ನೆಟ್‌ಫ್ಲಿಕ್ಸ್ ಗತಿ. ನೆಟ್‌ಫ್ಲಿಕ್ಸ್‌ನ ಪಟ್ಟಿಯಲ್ಲಿ ಡಚ್ ಕಾಣದಿದ್ದರೆ ಇಲ್ಲವೆಂದು ತಿಳಿಯಬೇಡಿ. ಹೊಸ ಪ್ರೊಫೈಲ್ ತೆರೆದು ಅದರ ಭಾಷೆಯನ್ನೇ ಡಚ್ ಮಾಡಿ ನೋಡಿ, ಹಲವು ಸಲ ಆಗ ಕಾಣಿಸಿಕೊಳ್ಳುತ್ತದೆ. ಯೂಟ್ಯೂಬ್‌ನಲ್ಲಿ ಯಂತ್ರ ತಾನಾಗಿ ಬರೆದ ಸಾಲುಗಳನ್ನು ನಂಬುವಂತಿಲ್ಲ, ಊರಿನ ಹೆಸರು ಬಂದರೆ ಅದು ದಾರಿ ತಪ್ಪುತ್ತದೆ.

ಇನ್ನು ನೋಡುವ ರೀತಿ. ದಿನಕ್ಕೆ ಮೂರು ನಿಮಿಷದ ತುಣುಕು ಸಾಕು, ಅದಕ್ಕೆ ಅರ್ಧ ತಾಸು ಕೊಡಬೇಕು. ಮೊದಲ ಸಲ ಸಬ್‌ಟೈಟಲ್ ಇಲ್ಲದೆ. ಎರಡನೇ ಸಲ ಡಚ್ ಸಬ್‌ಟೈಟಲ್ ಹಾಕಿ, ಸಾಲು ಸಾಲಿಗೂ ನಿಲ್ಲಿಸುತ್ತ. ಮೂರನೆಯದಕ್ಕೆ ಐದು ವಾಕ್ಯ ಆರಿಸಿ, ಕೇಳಿದ್ದನ್ನು ಕೇಳಿದಂತೆ ಕನ್ನಡ ಅಕ್ಷರದಲ್ಲಿ, ಅದರ ಪಕ್ಕ ಡಚ್ ಕಾಗುಣಿತದಲ್ಲಿ ಬರೆಯಿರಿ. ಕಲಿಕೆ ಆಗುವುದು ಇಲ್ಲಿ. ‘ನಾನು ಅದನ್ನು ಮಾಡಿಲ್ಲ’ ಎಂಬ ವಾಕ್ಯ ಪುಸ್ತಕದಲ್ಲಿ ‘ಇಕ್ ಹೆಪ್ ಹೆತ್ ನೀತ್ ಖದಾನ್’. ಪರದೆಯಲ್ಲಿ ಕೇಳುವುದು ‘ಕೆಪ್ತ್ ನೀ ಖದಾನ್’. ಮೂರು ಪದ ಅಂಟಿಕೊಂಡು ಒಂದಾಗಿವೆ. ಪದವೆಲ್ಲ ಗೊತ್ತಿದ್ದೂ ತಿಳಿಯದೇ ಹೋಗುವುದು ಇದರಿಂದಲೇ. ಕೊನೆಗೆ ನಟನ ಜೊತೆಗೇ, ಅದೇ ವೇಗದಲ್ಲಿ, ಗಟ್ಟಿಯಾಗಿ ಹತ್ತು ಸಲ ಹೇಳಿ. ವೇಗವನ್ನು 0.75ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬೇಡ. ಆ ನಿಧಾನಕ್ಕೇ ಒಗ್ಗಿದ ಕಿವಿ ನಿಜವಾದ ಮಾತಿಗೆ ತಬ್ಬಿಬ್ಬಾಗುತ್ತದೆ.

ಡಚ್ಚಿನ ‘ಗ’ (ಮೇಲೆ ‘ಖದಾನ್’ನಲ್ಲಿ ‘ಖ’ ಎಂದು ಬರೆದದ್ದು) ಎಲ್ಲರನ್ನೂ ಹೆದರಿಸುತ್ತದೆ. ನಮ್ಮ ಜಿಲ್ಲೆಗಳವರಿಗೆ ಆ ಹೆದರಿಕೆ ಬೇಡ. ಉರ್ದು ಮಾತಾಡುವ ನೆರೆಯವರು ‘ಖಬರ್’, ‘ಖುದಾ’ ಎನ್ನುವಾಗ ಗಂಟಲಿನಿಂದ ಬರುವ ಸದ್ದೇ ಅದು. ಕನ್ನಡದ ಮಹಾಪ್ರಾಣ ಖಕಾರ ಅಲ್ಲ. ದಕ್ಷಿಣದ ಬ್ರಾಬಾಂಟ್‌ನಲ್ಲೂ ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲೂ ಅದು ಇನ್ನೂ ಮೆತ್ತಗಿರುತ್ತದೆ. ಬೆಲ್ಜಿಯಂ ಧಾರಾವಾಹಿಗಳಲ್ಲಿ ‘ನೀನು’ ಎನ್ನಲು ‘ಯೆ’ ಬದಲು ‘ಖೆ’ ಕೇಳಿಬರುತ್ತದೆ. ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುವವರು ಅದನ್ನು ರೂಢಿಸಿಕೊಳ್ಳಬಾರದು. ‘ನೀವು’ ಎನ್ನಲು ‘ಊ’ ಇದೆ, ಧಾರಾವಾಹಿಗಳಲ್ಲಿ ಅಪರೂಪ. ಹಿರಿಯರ ಆರೈಕೆಯ ಕೆಲಸಕ್ಕೆ ಹೋಗುವವರು ಅದನ್ನು ಪುಸ್ತಕದಿಂದಲೇ ಕಲಿಯಬೇಕು.

ಅರ್ಥವನ್ನು ಇಂಗ್ಲಿಷ್ ಮೂಲಕ ಹಾಯಿಸಬೇಡಿ, ನೇರ ಕನ್ನಡಕ್ಕೆ ತನ್ನಿ. ‘ಓಮ್ದಾತ್ ಹೆಯ್ ಝೀಕ್ ಇಸ್’ ಎಂಬಲ್ಲಿ ಕ್ರಿಯಾಪದ ನಮ್ಮ ವಾಕ್ಯದಂತೆ ಕೊನೆಗೆ ಬರುತ್ತದೆ. ವಾಕ್ಯದ ತುದಿಯ ‘ತೊಖ್?’ ನಮ್ಮ ‘ಹೌದಿಲ್ಲೋ?’ ಅಷ್ಟೆ. ಸಿಕ್ಕಿಸುವುದು ಒಡೆದು ನಿಲ್ಲುವ ಕ್ರಿಯಾಪದಗಳು. ‘ಇಕ್ ಬೆಲ್ ಯೆ ಮೊರ್ಖ ಓಪ್’ (ನಾಳೆ ನಿನಗೆ ಫೋನ್ ಮಾಡುತ್ತೇನೆ) ಎಂಬಲ್ಲಿ ‘ಬೆಲ್’ ಮುಂದೆ, ‘ಓಪ್’ ತುದಿಯಲ್ಲಿ. ನಿಘಂಟಿನಲ್ಲಿ ಹುಡುಕಬೇಕಾದ್ದು ಎರಡನ್ನೂ ಕೂಡಿಸಿದ ‘ಓಪ್‌ಬೆಲ್ಲನ್’.

ಎಲ್ಲಕ್ಕಿಂತ ದುಬಾರಿಯ ತಪ್ಪು ಗಡಿಯಾರದ್ದು. ‘ಹಲ್ಫ್ ದ್ರೀ’ ಎಂದರೆ ಅರ್ಧ ಮೂರು. ನಮ್ಮ ಕಿವಿಗೆ ಅದು ಮೂರೂವರೆ. ಡಚ್ಚರಿಗೆ ಎರಡೂವರೆ, ಮೂರಕ್ಕೆ ಅರ್ಧ ತಾಸು ಬಾಕಿ. ‘ಅರ್ಧ ಮೂರಕ್ಕೆ ಹತ್ತು ಮೊದಲು’ ಎಂದೂ ಹೇಳುತ್ತಾರೆ, ಅಂದರೆ 2 ಗಂಟೆ 20 ನಿಮಿಷ. 25 ಎನ್ನಲು ‘ಐದು ಮತ್ತು ಇಪ್ಪತ್ತು’, ಆತುರದಲ್ಲಿ ಬರೆದುಕೊಂಡವರು 52 ಬರೆಯುತ್ತಾರೆ. ತುಣುಕಿನಲ್ಲಿ ಸಮಯವೋ ಬೆಲೆಯೋ ಬಂದಾಗಲೆಲ್ಲ ನಿಲ್ಲಿಸಿ ಅಂಕಿಯಲ್ಲಿ ಬರೆದು, ಸಬ್‌ಟೈಟಲ್ ಜೊತೆ ತಾಳೆ ನೋಡಿ.

ಸಂಗಾತಿಯನ್ನು ಸೇರಲು ಹೋಗುವ ಹಲವರು ವೀಸಾಕ್ಕೆ ಮುಂಚೆ ರಾಯಭಾರ ಕಚೇರಿಯಲ್ಲಿ ಓದು, ಮಾತು, ಸಮಾಜ ಪರಿಚಯ ಎಂಬ ಮೂರು ಭಾಗಗಳ ಪರೀಕ್ಷೆ ಪಾಸಾಗಬೇಕು, ಎ1 ಎಂಬ ತೀರಾ ಆರಂಭಿಕ ಮಟ್ಟದ್ದು. ಸಮಾಜ ಪರಿಚಯದ ಪಠ್ಯವೇ ‘ನಾರ್ ನೇಡರ್ಲಂಟ್’ ಎಂಬ ಚಿತ್ರ, ಹಲವು ಭಾಷೆಗಳಲ್ಲಿ ಸಿಗುತ್ತದೆ. ವಿಷಯ ತಿಳಿಯಲು ಒಮ್ಮೆ ಇಂಗ್ಲಿಷಿನಲ್ಲಿ ನೋಡಿದರೆ ಸಾಕು, ಉಳಿದಷ್ಟೂ ಸಲ ಡಚ್ ಧ್ವನಿಯಲ್ಲಿ. ಪರೀಕ್ಷೆಯಲ್ಲಿ ಪ್ರಶ್ನೆ ಬರುವುದು ಡಚ್ಚಿನಲ್ಲಿ.

– ಭಾಷಾ ಬೋಧಕರು, ಬಳ್ಳಾರಿ